ಎಲೆ ಮುದುರಿದ ಮೇಪಲ್ ಹೊತ್ತು ಓಮಿಯಾಕ್ಕೆ

ಜಪಾನಿಗೆ ಹೋಗಿ ಬಂದವರು ಬರೆಯುವುದೆಲ್ಲ ಫ್ಯೂಜಿ ಪರ್ವತ, ಚೆರಿ ಹೂವು, ಬಾಣದಂತೆ ಓಡುವ ರೈಲು ಇವುಗಳ ಬಗ್ಗೆಯೇ. ನಿಮಗೂ ಓದಿ ಓದಿ ಸಾಕಾಗಿರಬೇಕು. ನಾನು ನಿಮ್ಮನ್ನು ಕರೆದುಕೊಂಡು ಹೋಗುವುದು ಅಂಥ ಜಾಗಕ್ಕಲ್ಲ. ಟೋಕಿಯೋದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಹೋದರೆ ಸೈತಾಮಾ ನಗರದ ಓಮಿಯಾ ಸ್ಟೇಷನ್ ಸಿಗುತ್ತದೆ. ಅಲ್ಲಿ ಇನ್ನೊಂದು ಚಿಕ್ಕ ರೈಲಿಗೆ ಬದಲಾಯಿಸಿ ಎರಡನೆಯ ನಿಲ್ದಾಣ ಓಮಿಯಾ-ಕೋಯೆನ್‌ನಲ್ಲಿ ಇಳಿಯಬೇಕು. ಹತ್ತು ನಿಮಿಷ ನಡೆದರೆ ಬೋನ್ಸಾಯ್-ಚೋ, ಅಂದರೆ ಬೋನ್ಸಾಯ್ ಪೇಟೆ. ಬಡಾವಣೆಯ ಹೆಸರೇ ಅದು! ಬೀದಿಗಳಿಗೂ ಮರಗಳ ಹೆಸರು. ಸಕುರಾ ಬೀದಿ, ಕೆಯಾಕಿ ಬೀದಿ, ಮೊಮಿಜಿ ಬೀದಿ, ಹೀಗೆ.

1923ರ ಸೆಪ್ಟೆಂಬರ್ 1ರಂದು ಟೋಕಿಯೋದಲ್ಲಿ ಭಾರಿ ಭೂಕಂಪವಾಯಿತು, ನಂತರ ಬೆಂಕಿ ಎದ್ದಿತು. ಊರೆಲ್ಲ ಬೂದಿ. ಅಲ್ಲಿ ಕುಂಡದ ಮರ ಬೆಳೆಸಿ ಮಾರುತ್ತಿದ್ದ ಮನೆತನಗಳು ಒಳ್ಳೆಯ ಮಣ್ಣು, ನೀರು, ಶುದ್ಧ ಗಾಳಿ ಹುಡುಕಿಕೊಂಡು 1925ರಲ್ಲಿ ಇಲ್ಲಿಗೆ ಬಂದು ನೆಲೆಸಿದವು. 1928ರಲ್ಲಿ ಈ ಊರಿನವರು ತಮಗೆ ತಾವೇ ಕಟ್ಟಳೆ ಮಾಡಿಕೊಂಡರಂತೆ. ಇಲ್ಲಿ ವಾಸಿಸುವವರ ಮನೆಯಲ್ಲಿ ಕನಿಷ್ಠ 10 ಬೋನ್ಸಾಯ್ ಇರಬೇಕು, ಬಂದವರಿಗೆಲ್ಲ ಗೇಟು ತೆರೆದಿರಬೇಕು, ಮಹಡಿ ಮನೆ ಕಟ್ಟಬಾರದು, ಕಾಂಪೌಂಡಿಗೆ ಗೋಡೆಯ ಬದಲು ಹಸಿರು ಬೇಲಿ ಇರಬೇಕು. ಮಹಡಿ ಯಾಕೆ ಬೇಡ ಅಂದರೆ, ಪಕ್ಕದವರ ಮರಗಳಿಗೆ ಬಿಸಿಲು ತಪ್ಪಬಾರದಲ್ಲ! ಸೈಟಿನ ಅಂಚಿನ ಒಂದಡಿ ಜಾಗಕ್ಕೆ ಜಗಳವಾಡುವ ನಮ್ಮ ಕಡೆಯ ಜನ ಇದನ್ನು ಕೇಳಬೇಕು. ಈಗ ಬೇಲಿಗಳ ಹಿಂದೆ ಮಹಡಿ ಮನೆಗಳೂ ಎದ್ದಿವೆ, ಹಳೆಯ ತೋಟಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಆದರೂ ಆ ಬೀದಿಯಲ್ಲಿ ನಡೆದರೆ ನಮ್ಮ ಅಗ್ರಹಾರದ ಮಧ್ಯಾಹ್ನದಂಥ ಮೌನ.

ನಾನು ಅಲ್ಲಿಗೆ ಹೋದದ್ದು 2023ರ ಏಪ್ರಿಲ್ ಕೊನೆಯಲ್ಲಿ. ಸುಮ್ಮನೆ ನೋಡಲು ಅಲ್ಲ. ನನ್ನ ತಂಗಿ ಮತ್ತು ನಾನು ಒಂದು ರೋಗಿಯನ್ನು ಕರೆದುಕೊಂಡು ಹೋದದ್ದು. ರೋಗಿ ಅಂದರೆ ಒಂದೂಕಾಲು ಅಡಿ ಎತ್ತರದ ಒಂದು ಮೇಪಲ್ ಮರ.

ಮೇಪಲ್ ಎಲೆ ನಿಮಗೆ ಗೊತ್ತಿರಬೇಕಾದರೆ ನಮ್ಮ ಹರಳು ಗಿಡದ ಎಲೆಯನ್ನು ನೆನೆಸಿಕೊಳ್ಳಿ. ಅದನ್ನೇ ಮಗುವಿನ ಅಂಗೈಯಷ್ಟು ಪುಟ್ಟದು ಮಾಡಿ, ಬೆರಳುಗಳನ್ನು ತೆಳ್ಳಗೆ ಮಾಡಿದರೆ ಜಪಾನಿನ ಮೊಮಿಜಿ. ಅದರದೇ ಬಳಗದ ಇನ್ನೊಂದು ಮರಕ್ಕೆ ಕಾಯೆದೆ ಅಂತಾರೆ. ಆ ಪದದ ಮೂಲ ಅರ್ಥ ಕಪ್ಪೆಯ ಕೈ ಅಂತೆ. ಒಮ್ಮೆ ಕೇಳಿದ ಮೇಲೆ ಆ ಎಲೆ ಬೇರೆ ಹೇಗೂ ಕಾಣುವುದಿಲ್ಲ ಬಿಡಿ.

ಈ ಮರ ತಂಗಿಯದಲ್ಲ. ಆಕೆಯ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಯಜಮಾನರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿ ಮಗನ ಊರಿಗೆ ಹೊರಟರು. ಮಗನ ಮನೆ ಹದಿನಾಲ್ಕನೆಯ ಮಹಡಿಯಲ್ಲಿ, ಅಲ್ಲಿ ಗಾಳಿ ಜಾಸ್ತಿ, ಮರಕ್ಕೆ ಆಗುವುದಿಲ್ಲ. ಹೀಗಾಗಿ ಗಂಡ 40 ವರ್ಷದಿಂದ ಬೆಳೆಸಿದ್ದ ಮರವನ್ನು ತಂಗಿಯ ಕೈಗೆ ಇಟ್ಟು, ದಿನಾ ನೀರು ಹಾಕು, ಮೇ ತಿಂಗಳ ರಜೆಯಲ್ಲಿ ಬಂದು ನೋಡುತ್ತೇನೆ ಎಂದಿದ್ದರು. ತಂಗಿಯೋ, ಊರಿನಲ್ಲಿ ತುಳಸಿ, ಕನಕಾಂಬರ ಬಿಟ್ಟು ಬೇರೆ ಗಿಡ ಮುಟ್ಟಿದವಳಲ್ಲ. ಆದರೆ ಒಪ್ಪಿಸಿದ ವಸ್ತು. ಚಳಿಗಾಲವೆಲ್ಲ ಎಲೆಯಿಲ್ಲದ ಕಡ್ಡಿಗೆ ನೀರು ಹಾಕಿ ಕಾದಳು. ಮಾರ್ಚ್ ಕೊನೆಯಲ್ಲಿ ಕೆಂಪು ಮೊಗ್ಗು ಬಿರಿದು ಎಲೆ ಬಂದಾಗ ಊರಿಗೆ ಫೋನು ಮಾಡಿ ಹೇಳಿದ್ದೇ ಹೇಳಿದ್ದು!

ನಾನು ಅಲ್ಲಿ ಇಳಿಯುವ ಹೊತ್ತಿಗೆ ನಗು ಮಾಯವಾಗಿತ್ತು. ಮರದ ಒಂದು ಪಕ್ಕದ ಎಲೆಗಳೆಲ್ಲ ಕಪ್ಪಾಗಿ ಜೋತು ಬಿದ್ದಿದ್ದವು. ಕೆಲವಕ್ಕೆ ಅಂಚು ಮಾತ್ರ ಕಂದು, ಮಧ್ಯೆ ಹಸಿರು. ಇನ್ನು ಕೆಲವಂತೂ ಸೊಟ್ಟ, ಒಂದು ಬೆರಳು ಉದ್ದ, ಒಂದು ಗಿಡ್ಡ, ನಡುವೆ ಬುಗ್ಗೆಯಂತೆ ಉಬ್ಬು. ತಂಗಿ ಆಗಲೇ ಒಂದು ಚೀಲ ಗೊಬ್ಬರ, ಒಂದು ಬಾಟಲಿ ಔಷಧಿ ತಂದಿಟ್ಟಿದ್ದಳು. ಅಜ್ಜಿ ಬರಲು ಒಂದು ವಾರ ಇತ್ತು. ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. "ಅಕ್ಕಾ, ಅದು ಗಿಡ ಅಲ್ಲ, ಅವರ ಗಂಡ" ಅಂದಳು. ಔಷಧಿ ಹಾಕುವ ಮೊದಲು ತಿಳಿದವರಿಗೆ ತೋರಿಸೋಣ ಎಂದು ಹಾಸಿಗೆ ಹೊದಿಕೆಯಷ್ಟು ದೊಡ್ಡ ಬಟ್ಟೆಯಲ್ಲಿ ಮರವನ್ನು ಕಟ್ಟಿಕೊಂಡು ರೈಲು ಹತ್ತಿದೆವು. ಯಾರೂ ತಿರುಗಿ ನೋಡಲಿಲ್ಲ. ಓಮಿಯಾಕ್ಕೆ ಹೋಗುವ ರೈಲಿನಲ್ಲಿ ಮರ ಹೊತ್ತವರು ಹೊಸಬರಲ್ಲವೋ ಏನೋ.

ನಾವು ಹೋದ ತೋಟದಲ್ಲಿ ಮರದ ಹಲಗೆಗಳ ಮೇಲೆ ನೂರಾರು ಕುಂಡ. ಫೋಟೋ ತೆಗೆಯಬಾರದು ಎಂಬ ಬೋರ್ಡು ಇತ್ತು. ಅಲ್ಲಿನ ತೋಟಗಳಲ್ಲಿ ಹೆಚ್ಚಿನ ಕಡೆ ಹಾಗೆಯೇ. ಐವತ್ತರ ಆಸುಪಾಸಿನ ತೋಟಗಾರರೊಬ್ಬರು ಬಂದರು. ತಂಗಿಗೆ ಜಪಾನಿ ಚೆನ್ನಾಗಿ ಬರುತ್ತದೆ, ನನಗೆ ಅವಳೇ ದುಭಾಷಿ. ಬಟ್ಟೆ ಬಿಚ್ಚಿದ ಕೂಡಲೇ ಆತ ರೋಗದ ಹೆಸರು ಹೇಳುತ್ತಾರೆ ಅಂದುಕೊಂಡರೆ, ಇಲ್ಲ. ನಮ್ಮ ಊರಿನ ಹಳೆಯ ಪಂಡಿತರು ನಾಡಿ ಹಿಡಿದು ಮೌನವಾಗಿ ಕೂರುತ್ತಿದ್ದರಲ್ಲ, ಹಾಗೆ ಸುಮ್ಮನೆ ನೋಡಿದರು. ಆಮೇಲೆ ಪ್ರಶ್ನೆ ಶುರು.

ಮೊದಲ ಪ್ರಶ್ನೆ ಏನು ಗೊತ್ತೇ? ಹೋದ ವರ್ಷ ಇದೇ ತಿಂಗಳಲ್ಲಿ ಇದರ ಎಲೆ ಹೇಗಿತ್ತು? ಯಾಕೆಂದರೆ ಮೇಪಲ್‌ನಲ್ಲಿ ಆರೋಗ್ಯವೇ ರೋಗದಂತೆ ಕಾಣುವ ಜಾತಿಗಳಿವೆ. ಪಕ್ಕದ ಹಲಗೆಯಲ್ಲಿ ತೋರಿಸಿದರು. ದೆಶೋಜೋ ಎಂಬ ಜಾತಿ ವಸಂತದಲ್ಲಿ ಕುಂಕುಮದಂತೆ ಕೆಂಪು, ಬೇಸಗೆಗೆ ಹಸಿರಾಗುತ್ತದೆ. ಶಿಶಿಗಾಶಿರಾ, ಅಂದರೆ ಸಿಂಹದ ತಲೆ, ಅದರ ಎಲೆ ಹುಟ್ಟುವುದೇ ಸುರುಟಿಕೊಂಡು. ಗೊತ್ತಿಲ್ಲದವರು ಅದಕ್ಕೆ ಔಷಧಿ ಹೊಡೆದೇ ಹೊಡೆಯುತ್ತಾರೆ. ಯಾವ ಜಾತಿಯೇ ಆದರೂ ಮೊಗ್ಗಿನಿಂದ ಆಗತಾನೆ ಹೊರಬಂದ ಎಲೆ ಮಡಿಕೆ ಮಡಿಕೆಯಾಗಿ, ಒದ್ದೆ ಕರವಸ್ತ್ರದಂತೆ ಕೆಲವು ದಿನ ಜೋತಿರುತ್ತದೆ. ಅದೂ ರೋಗವಲ್ಲ. ನಮ್ಮದು ಬೆಟ್ಟದ ಸಾಮಾನ್ಯ ಮೊಮಿಜಿ. ಅದರ ಹಸಿರು ಎಲೆಗೆ ಕೆಂಪು ಅಂಚಿದ್ದರೆ ಅದು ಸೀರೆಗೆ ಅಂಚು ಇದ್ದ ಹಾಗೆ, ಸಹಜ. ಕಪ್ಪು ಸಹಜವಲ್ಲ.

ಆಮೇಲೆ ಎಲೆಯನ್ನು ಮಗುಚಿ ಅಡಿಭಾಗ ನೋಡಿದರು. ಇದೊಂದು ಅಭ್ಯಾಸ ನಾವೆಲ್ಲ ಕಲಿಯಬೇಕಾದ್ದು. ನಾವು ಎಲೆಯ ಮುಖ ನೋಡುತ್ತೇವೆ, ಕಳ್ಳ ಇರುವುದು ಬೆನ್ನಿನಲ್ಲಿ. ವಸಂತದ ಎಳೆ ಎಲೆಗೆ ಮೊದಲು ಬರುವ ಅತಿಥಿ ಗಿಡಹೇನು. ರಸ ಹೀರಿದ ಜಾಗ ಬೆಳೆಯದೆ, ಸುತ್ತಲಿನದು ಬೆಳೆದು ಎಲೆ ಮುದುರುತ್ತದೆ. ಮುಟ್ಟಿದರೆ ಬೆಲ್ಲದ ಪಾಕದಂಥ ಅಂಟು, ಅಂಟಿಗೆ ಇರುವೆ ಸಾಲು, ಆಮೇಲೆ ಅದೇ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು. ಹೀಗಿದ್ದರೆ ನೀರಿನಿಂದ ಜೋರಾಗಿ ತೊಳೆದು ಉಳಿದದ್ದನ್ನು ಬ್ರಷ್‌ನಿಂದ ತೆಗೆದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಮುದುರಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ, ಮುಂದೆ ಬರುವ ಎಲೆ ಚೆನ್ನಾಗಿರುತ್ತದೆ. ನಮ್ಮ ಮೆಣಸಿನ ಗಿಡದ ಮುಟುರು ನೆನಪಾಯಿತು ನನಗೆ. ನಿಮಗೆ ಗೊತ್ತಿರಬಹುದು, ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುರಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಕೊಡೆಯಂತೆ ಮುದುರಿದರೆ ಮೈಟ್ ನುಸಿ. ಯಾವ ಕಡೆ ಬಾಗಿದೆ ಎಂಬುದರಲ್ಲೇ ಉತ್ತರ ಇದೆ, ಆದರೆ ನಾವು ಎರಡಕ್ಕೂ ಒಂದೇ ಬೇವಿನ ಎಣ್ಣೆ ಹೊಡೆದು ಕೈ ತೊಳೆದುಕೊಳ್ಳುತ್ತೇವೆ.

ನಮ್ಮ ಮರದ ಎಲೆ ಬೆನ್ನು ಚೊಕ್ಕಟವಾಗಿತ್ತು. ಅಂಟಿಲ್ಲ, ಇರುವೆಯಿಲ್ಲ. ಬೂದಿ ರೋಗದ ಬಿಳಿ ಹಿಟ್ಟೂ ಇಲ್ಲ. ಬೂದಿ ರೋಗ ಬಂದರೂ ಎಳೆ ಎಲೆ ಸೊಟ್ಟಗಾಗುತ್ತದಂತೆ, ಆದರೆ ಬೆರಳಲ್ಲಿ ಉಜ್ಜಿದರೆ ಹಿಟ್ಟು ಮೆತ್ತುತ್ತದೆ.

ಇನ್ನು ಮಣ್ಣು. ಬೆರಳು ಊರಿ, ಮೂಗಿಗೆ ಹಿಡಿದು ನೋಡಿದರು. ಬೋನ್ಸಾಯ್‌ಗೆ ಅವರು ಹಾಕುವುದು ಅಕಾದಾಮಾ ಎಂಬ ಕೆಂಪು ಮಣ್ಣಿನ ಹರಳು, ಸಾಸಿವೆಯಿಂದ ಕಡಲೆಕಾಳಿನ ಗಾತ್ರದವರೆಗೆ. ನೀರು ನಿಲ್ಲದೆ ಹರಿಯಲಿ, ಬೇರಿಗೆ ಗಾಳಿ ಸಿಗಲಿ ಎಂದು. ವರ್ಷ ಕಳೆದಂತೆ ಹರಳು ಪುಡಿಯಾಗಿ ಕೆಸರು ಕಟ್ಟುತ್ತದೆ, ಬೇರು ಕೊಳೆಯುತ್ತದೆ. ಆಗ ವಸಂತದ ಎಲೆ ಚಿಕ್ಕದಾಗಿ, ಬಿಳಚಿಕೊಂಡು, ತುದಿ ಕಪ್ಪಾಗಿ ಬರುತ್ತದೆ, ಮಣ್ಣಿಗೆ ಹುಳಿ ವಾಸನೆ. ತಮಾಷೆ ಎಂದರೆ ಬೇರು ಕೊಳೆತ ಮರವೂ ಬಾಯಾರಿದ ಮರದ ಹಾಗೆಯೇ ಸೊರಗಿ ಕಾಣುತ್ತದೆ. ನೋಡಿದವರು ಇನ್ನಷ್ಟು ನೀರು ಸುರಿಯುತ್ತಾರೆ. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಎಂಬ ಮಾತು ಅವರಲ್ಲಿದೆಯಂತೆ. ನಮ್ಮ ಅತ್ತೆ ಉಪ್ಪು ಹಾಕುವುದರ ಬಗ್ಗೆ ಹೀಗೇ ಹೇಳುತ್ತಿದ್ದರು.

ತಂಗಿಯ ಮಣ್ಣು ಪಾಸಾಯಿತು. ಆಗ ಆತ ಉಗುರಿನಿಂದ ಒಂದು ಸಣ್ಣ ಕಡ್ಡಿಯ ಸಿಪ್ಪೆ ಚೂರೇ ಚೂರು ಕೆರೆದರು. ಒಳಗೆ ಹಸಿ ಹಸಿರು. ತಂಗಿಯ ಕಣ್ಣಲ್ಲಿ ನೀರು ಬಂತು, ಆತ ನೋಡದಂತೆ ಮುಖ ತಿರುಗಿಸಿದಳು. ಈ ಪರೀಕ್ಷೆ ಯಾಕೆಂದರೆ ಮೇಪಲ್‌ಗೆ ಒಂದು ಕೆಟ್ಟ ಕಾಯಿಲೆ ಇದೆ, ವರ್ಟಿಸಿಲಿಯಂ ಎಂಬ ಮಣ್ಣಿನ ಬೂಷ್ಟಿನಿಂದ ಬರುವಂಥದ್ದು. ನೀರು ಏರುವ ನಾಳಗಳನ್ನೇ ಮುಚ್ಚಿಬಿಡುತ್ತದೆ. ಇಡೀ ಮರ ಚೆನ್ನಾಗಿದ್ದು ಒಂದೇ ಒಂದು ಕೊಂಬೆ ಇದ್ದಕ್ಕಿದ್ದಂತೆ ಬಾಡಿತು ಅಂದರೆ ಅದರ ಮೇಲೆ ಅನುಮಾನ ಪಡಬೇಕು. ಆ ಕೊಂಬೆ ಕತ್ತರಿಸಿದರೆ ಒಳಮರದಲ್ಲಿ ಹಸಿರುಮಿಶ್ರಿತ ಕಂದು ಗೆರೆಗಳು ಕಾಣುತ್ತವೆ. ಅದಕ್ಕೆ ಔಷಧಿಯಿಲ್ಲ. ಕೊಂಬೆ ತೆಗೆಯುವುದು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಮರ ಮುಟ್ಟದಿರುವುದು, ಅಷ್ಟೇ. ನಮ್ಮ ಮರದ ಒಂದು ಪಕ್ಕ ಹಾಳಾಗಿತ್ತಲ್ಲ, ಅದಕ್ಕೇ ಆತನ ಹುಬ್ಬು ಗಂಟಿಕ್ಕಿತ್ತು. ಆದರೆ ಹಾಳಾದದ್ದು ಒಂದು ಕೊಂಬೆಯಲ್ಲ. ನಾಲ್ಕು ಕೊಂಬೆಗಳ ಹೊರ ಅಂಚು ಹಾಳಾಗಿ, ಅದೇ ಕೊಂಬೆಗಳ ಒಳಭಾಗ ಚೆನ್ನಾಗಿತ್ತು.

"ಇದರ ಯಾವ ಮುಖ ಗೋಡೆಯ ಕಡೆಗಿತ್ತು?" ಎಂದು ಕೇಳಿದರು. ಬೋನ್ಸಾಯ್‌ಗೆ ಎದುರು ಮುಖ ಅಂತ ಒಂದು ಇರುತ್ತದೆ, ದೇವರ ಮೂರ್ತಿಗೆ ಇರುವಂತೆ. ತಂಗಿ ಆ ಮುಖವನ್ನು ಬೀದಿಗೆ ತಿರುಗಿಸಿ ಇಟ್ಟವಳು ಕದಲಿಸಿರಲಿಲ್ಲ. ಬೆನ್ನು ಗೋಡೆಗೆ. ಬೆನ್ನಿನ ಎಲೆ ಒಂದೂ ಕೆಟ್ಟಿರಲಿಲ್ಲ. ಕೆಟ್ಟದ್ದೆಲ್ಲ ತಲೆ ಮತ್ತು ಬೀದಿಯ ಕಡೆ, ತೆರೆದ ಆಕಾಶಕ್ಕೆ.

"ಒಂದೇ ದಿನದಲ್ಲಿ ಆಯಿತೇ, ಮೆಲ್ಲಗೆ ಆಯಿತೇ?"

ತಂಗಿ ಯೋಚಿಸಿದಳು. ಏಪ್ರಿಲ್ ಎರಡನೆಯ ವಾರ ಒಂದು ಬೆಳಿಗ್ಗೆ ನೋಡಿದಾಗ ಎಲೆಗಳು ಬಿಸಿನೀರಿಗೆ ಹಾಕಿ ತೆಗೆದ ಪಾಲಕ್ ಸೊಪ್ಪಿನಂತೆ ಗಾಢ ಹಸಿರಾಗಿ, ಮೆತ್ತಗೆ ಇಳಿಬಿದ್ದಿದ್ದವು. ಎರಡು ದಿನದಲ್ಲಿ ಕಪ್ಪಾದವು.

ಆತ ನಕ್ಕುಬಿಟ್ಟರು. ಇಬ್ಬನಿ ಹೆಪ್ಪುಗಟ್ಟುವ ಚಳಿ, ಹಿಮದ ಹೊಡೆತ. ರೋಗವೇ ಅಲ್ಲ! ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಎಲೆಯ ಶಾಖವೆಲ್ಲ ಆಕಾಶಕ್ಕೆ ಸೋರಿಹೋಗುತ್ತದೆ. ಹವಾಮಾನದವರು ನೆಲದಿಂದ ಒಂದೂವರೆ ಮೀಟರ್ ಮೇಲೆ ಅಳೆದು 3 ಡಿಗ್ರಿ ಎಂದು ಹೇಳಿದ ರಾತ್ರಿಯೂ ತೆರೆದ ಎಲೆಯ ಮೇಲೆ ಸೊನ್ನೆ ಮುಟ್ಟಿರಬಹುದು. ಎಳೆ ಎಲೆಯೊಳಗಿನ ನೀರು ಗಟ್ಟಿಯಾಗಿ ಕಣಗಳು ಒಡೆದುಹೋಗುತ್ತವೆ. ಸೊಪ್ಪು ಕುದಿನೀರಿನಲ್ಲಿ ಮೆತ್ತಗಾಗುವುದೂ ಕಣ ಒಡೆದೇ, ಆದ್ದರಿಂದ ನೋಟಕ್ಕೆ ಎರಡೂ ಒಂದೇ. ಗೋಡೆಗೆ ಹಗಲಿನ ಬಿಸಿ ಉಳಿದಿರುತ್ತದೆ, ಅದು ಆಕಾಶವನ್ನೂ ಮರೆಮಾಡುತ್ತದೆ. ಹಾಗಾಗಿ ಗೋಡೆಯ ಕಡೆ ಉಳಿಯಿತು. ಸೊಟ್ಟ ಎಲೆಗಳ ಗುಟ್ಟೂ ಇದೇ. ಆ ರಾತ್ರಿ ಇನ್ನೂ ಅರ್ಧ ಮೊಗ್ಗಿನೊಳಗಿದ್ದವು, ಹೊರಗೆ ಇಣುಕಿದ ತುದಿ ಮಾತ್ರ ಸತ್ತಿತು, ಉಳಿದದ್ದು ಬೆಳೆಯುತ್ತಾ ಹೋಗಿ ಉಬ್ಬಿಕೊಂಡಿತು. ಒಣಗಾಳಿ, ಬಿಸಿಲಿನಿಂದಲೂ ಅಂಚು ಸುಡುತ್ತದೆ, ಆದರೆ ಅದು ಹಪ್ಪಳದ ಅಂಚು ಸೀದಂತೆ ಗರಿಗರಿಯಾಗಿ, ದಿನದಿಂದ ದಿನಕ್ಕೆ ಒಳಗೆ ಹಬ್ಬುತ್ತದೆ. ಒಂದೇ ಬೆಳಗಿನಲ್ಲಿ ಮೆತ್ತಗಾಗುವುದಿಲ್ಲ.

ಗೊಬ್ಬರದ ಚೀಲದ ಬಗ್ಗೆ ಕೇಳಿದ್ದಕ್ಕೆ ಎರಡೂ ಕೈ ಅಡ್ಡ ಹಿಡಿದರು. ಈಗ ಬೇಡವೇ ಬೇಡ, ಹೊಸ ಎಲೆ ಬಂದು ಗಟ್ಟಿಯಾಗುವವರೆಗೆ ಗೊಬ್ಬರ ಬೇಡ. ಔಷಧಿ ಯಾವುದಕ್ಕೆ, ಸತ್ತ ರಾತ್ರಿಗೇ? ಪೂರ್ತಿ ಕಪ್ಪಾದ ಎಲೆ ತೆಗೆಯಿರಿ, ಅರ್ಧ ಹಸಿರು ಇರುವುದನ್ನು ಅಂದ ಕೆಟ್ಟಿತೆಂದು ಕೀಳಬೇಡಿ, ಅದು ಇನ್ನೂ ಅನ್ನ ಮಾಡುತ್ತಿದೆ. ಎಲೆ ಕಡಿಮೆಯಾದ ಮರ ನೀರನ್ನೂ ಕಡಿಮೆ ಕುಡಿಯುತ್ತದೆ, ಮೇಲ್ಮಣ್ಣು ಒಣಗಿದ ಮೇಲೆಯೇ ಹಾಕಿ. ಎಲೆಯ ತೊಟ್ಟಿನ ಬುಡದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಮೊಗ್ಗು ತೋರಿಸಿ, ಮೂರು ನಾಲ್ಕು ವಾರದಲ್ಲಿ ಇವು ಒಡೆಯುತ್ತವೆ ಎಂದರು. ಹತ್ತು ದಿನಕ್ಕೊಮ್ಮೆ ಕುಂಡ ತಿರುಗಿಸಿ ಎಂದೂ ಹೇಳಿದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ, ತಂಗಿ ಒಂದು ಪುಟ್ಟ ನೀರಿನ ಝಾರಿ ಕೊಂಡು ಋಣ ತೀರಿಸಿದಳು.

ಹೊರಡುವಾಗ ನಾನೊಂದು ಕೇಳಿಸಿದೆ. ನಮ್ಮ ಊರಿನಲ್ಲಿ ದಾಸವಾಳ, ಕರಿಬೇವಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದಲ್ಲ, ಅದು ಮೇಪಲ್‌ಗೂ ಉಂಟೇ ಅಂತ. ಉಂಟು. ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ, ಹಳೆಯ ಎಲೆಯಲ್ಲಿ ಮೊದಲು ಕಂಡರೆ ಮೆಗ್ನೀಷಿಯಂ. ಆದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ನೀರು ಗಡುಸಾಗಿ ಸುಣ್ಣ ಹೆಚ್ಚಾದರೆ ಬೇರು ಅದನ್ನು ಎಳೆದುಕೊಳ್ಳಲಾರದು. ಕೊಳವೆಬಾವಿ ನೀರು ಹಾಕಿ ಕುಂಡದ ಅಂಚಿಗೆ ಬಿಳಿ ಪಟ್ಟೆ ಕಟ್ಟಿದ ನಮ್ಮಂಥವರ ಮನೆಯಲ್ಲಿ ಮೊದಲು ಬದಲಾಯಿಸಬೇಕಾದ್ದು ಗೊಬ್ಬರವಲ್ಲ, ನೀರು. ಮಳೆನೀರು ಹಿಡಿದಿಟ್ಟು ಹಾಕಿ ನೋಡಿ. ಅಂದ ಹಾಗೆ, ಇದನ್ನೆಲ್ಲ ಓದಿ ಮೇಪಲ್ ಸಸಿ ತರಿಸಲು ಹೊರಡಬೇಡಿ. ಅದಕ್ಕೆ ಎಲೆ ಉದುರಿಸಿ ನಿದ್ದೆ ಮಾಡುವಷ್ಟು ಚಳಿಗಾಲ ಬೇಕು, ನಮ್ಮ ಬಯಲುಸೀಮೆಯಲ್ಲಿ ಅದು ಬಾಳುವುದಿಲ್ಲ.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಗುರುವಾರ ಹೋಗಬೇಡಿ, ಬಹುತೇಕ ಎಲ್ಲ ಮುಚ್ಚಿರುತ್ತದೆ. 2010ರಲ್ಲಿ ತೆರೆದ ಬೋನ್ಸಾಯ್ ಮ್ಯೂಸಿಯಂ ಅಲ್ಲೇ ಇದೆ, ಅದನ್ನು ಬಿಡಬೇಡಿ. ಪ್ರತಿ ವರ್ಷ ಮೇ 3ರಿಂದ 5ರವರೆಗೆ ಅಲ್ಲಿ ಬೋನ್ಸಾಯ್ ಜಾತ್ರೆ ನಡೆಯುತ್ತದೆ, ಬೀದಿಯ ಎರಡೂ ಕಡೆ ಕುಂಡ, ಮಣ್ಣು, ಮರ. ಕಾಲಿಡಲು ಜಾಗವಿಲ್ಲ ಅಂತಾರೆ.

ನಮಗೆ ಜಾತ್ರೆ ತಪ್ಪಿತು, ಯಾಕೆಂದರೆ ಮೇ 4ರಂದು ಅಜ್ಜಿ ಬಂದರು. ಓಕ್ ಜಾತಿಯ ಎಲೆಯಲ್ಲಿ ಸುತ್ತಿದ ಅಕ್ಕಿಹಿಟ್ಟಿನ ಸಿಹಿ ತಂದಿದ್ದರು, ಒಳಗೆ ಕಾಳಿನ ಹೂರಣ, ಥೇಟ್ ನಮ್ಮ ಅರಿಶಿನ ಎಲೆಯ ಕಡುಬಿನ ತಂಗಿ. ಮರದ ಬಗ್ಗೆ ಹೇಗೆ ಮಾತು ತೆಗೆಯಬೇಕೆಂದು ತಂಗಿ ಎರಡು ದಿನದಿಂದ ಜಪಾನಿಯಲ್ಲಿ ವಾಕ್ಯ ಜೋಡಿಸಿ ಬಾಯಿಪಾಠ ಮಾಡಿದ್ದಳು. ಅದು ಬೇಕಾಗಲೇ ಇಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು, ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿದರು. ಸುಟ್ಟ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. ಆಮೇಲೆ ಕೇಳಿದ್ದು ಒಂದೇ, "ಆ ರಾತ್ರಿ ನಕ್ಷತ್ರ ತುಂಬಾ ಇದ್ದವೇ?"

ಅವರ ಯಜಮಾನರು ಪ್ರತಿ ವಸಂತ ಸಂಜೆ ಹೊತ್ತು ಕುಂಡವನ್ನು ಸೂರಿನ ಕೆಳಗೆ ಎಳೆದು, ಬೆಳಿಗ್ಗೆ ಮತ್ತೆ ಹೊರಗಿಡುತ್ತಿದ್ದರಂತೆ. ಅವರ ಪಂಚಾಂಗದಲ್ಲಿ ವಸಂತ ಹುಟ್ಟಿದ ದಿನದಿಂದ 88ನೆಯ ರಾತ್ರಿ ಎಂದು ಒಂದಿದೆ, ಮೇ 2ರ ಸುಮಾರಿಗೆ ಬರುತ್ತದೆ, ಆಮೇಲೆ ಹಿಮದ ಭಯವಿಲ್ಲ. ಅಲ್ಲಿಯವರೆಗೆ ಎಳೆಯುತ್ತಿದ್ದರು. ಅಷ್ಟು ವರ್ಷ ದಿನಾ ನೋಡಿದ್ದರಿಂದ ಅದನ್ನು ಬೇರೆ ಹೇಳಬೇಕು ಎಂದು ಅಜ್ಜಿಗೆ ಹೊಳೆದೇ ಇರಲಿಲ್ಲ. ಅವರೇ ತಂಗಿಯ ಮುಂದೆ ತಲೆ ಬಾಗಿಸಿ ಕ್ಷಮೆ ಕೇಳಿದರು, ತಂಗಿ ಅವರಿಗಿಂತ ತಗ್ಗಿ ಬಾಗಿದಳು, ಅವರು ಇನ್ನೂ ತಗ್ಗಿದರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ಆಮೇಲೆ ಹಜಾರದ ಮೆಟ್ಟಿಲ ಮೇಲೆ ಕೂತು, ಕಪ್ಪೆಲೆಗಳನ್ನು ಒಂದೊಂದಾಗಿ ಉಗುರಿನಲ್ಲಿ ಚಿವುಟಿ ಮಡಿಲಿಗೆ ಹಾಕಿಕೊಂಡರು. ಅರ್ಧ ಹಸಿರಿನವನ್ನು ಮುಟ್ಟಲಿಲ್ಲ. ಯಾರೂ ಹೇಳಿರಲಿಲ್ಲ ಅವರಿಗೆ.

ಮೇ ಕೊನೆಯಲ್ಲಿ ನಾನು ಊರಿಗೆ ಬಂದ ಮೇಲೆ ತಂಗಿ ಮೊಬೈಲಿಗೆ ಫೋಟೋ ಕಳಿಸಿದಳು. ಬೀದಿಯ ಕಡೆ ಹೊಸ ಎಲೆ ಬಂದಿತ್ತು, ಹಳೆಯದಕ್ಕಿಂತ ಚಿಕ್ಕದು, ತಿಳಿ ಬಣ್ಣ, ಅಂಚು ಕೆಂಪು. ನಡುವೆ ಆ ಸೊಟ್ಟ ಎಲೆಗಳೂ ಹಾಗೇ ಇದ್ದವು. ಅಜ್ಜಿ ವಾರಕ್ಕೊಮ್ಮೆ ಫೋನು ಮಾಡುತ್ತಾರಂತೆ, ಮೊದಲು ತಂಗಿಯ ಮಕ್ಕಳನ್ನು ವಿಚಾರಿಸಿ, ಆಮೇಲೆ ಕುಂಡ ತಿರುಗಿಸಿದೆಯಾ ಎಂದು ಕೇಳುತ್ತಾರಂತೆ.